ಚೆನ್ನಾಗಿ ಅಂದ್ರೆ ಹೇಗೆ?

ಹೋದ ದೀಪಾವಳಿಗೆ ಊರಿಗೆ ಹೋದಾಗ ಹಿಂದಿನ ಕೋಣೆಯ ಟ್ರಂಕುಗಳನ್ನು ಖಾಲಿ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಊರು ಅಂದ್ರೆ ದೇವದುರ್ಗ, ರಾಯಚೂರು ಜಿಲ್ಲೆ. ಬೆಂಗಳೂರಿನಲ್ಲಿ ಈ ಹೆಸರು ಹೇಳಿದರೆ ಅರ್ಧ ಜನ "ಚಿತ್ರದುರ್ಗದ ಹತ್ರಾನಾ?" ಅಂತಾರೆ. ಅಲ್ಲ, ಕೃಷ್ಣಾ ನದಿಯ ಹತ್ರ.

ಟ್ರಂಕಿನಲ್ಲಿ ಅಪ್ಪನ ಹಳೆ ರಸೀದಿಗಳು, ಅವ್ವನ ಒಂದು ಇಳಕಲ್ ಸೀರೆ, ಅದರ ಕೆಳಗೆ ನನ್ನದೊಂದು ನೋಟ್‌ಬುಕ್. ರಟ್ಟಿನ ಮೇಲೆ ಡೊಂಕು ಅಕ್ಷರದಲ್ಲಿ "ನಾಟಕದ ದಿನಚರಿ, 9ನೇ ತರಗತಿ, 2010" ಅಂತ ಬರೆದಿತ್ತು. ಮೊದಲ ಪುಟದಲ್ಲಿ ಒಂದೇ ಸಾಲು: "ಇಂದು ತಾಲೀಮು ಚೆನ್ನಾಗಿ ನಡೆಯಿತು." ಅದರ ಪಕ್ಕ ಪೆನ್ಸಿಲಿನಲ್ಲಿ, ನಮ್ಮ ಸರ್ ಅವರ ಸಣ್ಣ ಅಕ್ಷರದಲ್ಲಿ, "ಚೆನ್ನಾಗಿ ಅಂದ್ರೆ ಹೇಗೆ?"

ನಮ್ಮ ಸರ್ ನಾಟಕದ ಮೇಷ್ಟ್ರಲ್ಲ, ಸಮಾಜ ವಿಜ್ಞಾನದವರು. ಎಲ್ಲೋ ಒಂದು ರಂಗ ಶಿಬಿರಕ್ಕೆ ಹೋಗಿ ಬಂದವರು, ಆ ಹುಚ್ಚಿನಲ್ಲಿ ನಮ್ಮಿಂದ ಬಿ. ವಿ. ಕಾರಂತರ 'ಪಂಜರ ಶಾಲೆ' ಮಾಡಿಸಲು ಹೊರಟಿದ್ದರು. ರವೀಂದ್ರನಾಥ ಟ್ಯಾಗೋರರ ಗಿಳಿಯ ಕಥೆ ನಿಮಗೆ ಗೊತ್ತಿರುತ್ತೆ. ಕಾಡಿನ ಗಿಳಿಗೆ ವಿದ್ಯೆ ಕಲಿಸಬೇಕು ಅಂತ ರಾಜ ಪಂಜರ ಮಾಡಿಸ್ತಾನೆ, ಪಂಡಿತರನ್ನು ಕರೆಸ್ತಾನೆ, ಗಿಳಿಯ ಬಾಯಿಗೆ ಪುಸ್ತಕದ ಹಾಳೆ ತುರುಕ್ತಾರೆ, ಕೊನೆಗೆ ಗಿಳಿ ಸಾಯುತ್ತೆ. ಅಂಥ ನಾಟಕ ಆಡಿಸುತ್ತಾ ಸರ್ ನಮ್ಮ ಕೈಗೂ ಒಂದೊಂದು ನೋಟ್‌ಬುಕ್ ಕೊಟ್ಟು ದಿನಾ ಬರೀರಿ ಅಂದ್ರೆ ನಮಗೆ ನಗು ಬರದೇ ಇರುತ್ತಾ? "ಸರ್, ಇದೂ ಗಿಳಿ ಬಾಯಾಗ ಹಾಳಿ ತುರುಕಿದಂಗ ಆತಲ್ರಿ" ಅಂತ ಒಬ್ಬ ಅಂದೇಬಿಟ್ಟ. ಸರ್ ಬೈಯಲಿಲ್ಲ. "ಆ ಹಾಳಿ ಪಂಡಿತರು ಬರೆದಿದ್ದು, ಇದು ಗಿಳಿ ಬರಿಯೋದು" ಅಂದರು. ಆವತ್ತು ಆ ಮಾತು ನಮಗೆ ತಿಳಿಯಲಿಲ್ಲ. ಬರೆಯೋದು ಮಾತ್ರ ತಪ್ಪಲಿಲ್ಲ.

ಈಗ ನನಗೆ ಆಫೀಸಿನಲ್ಲಿ ಎರಡು ವಾರಕ್ಕೊಮ್ಮೆ ರೆಟ್ರೋಸ್ಪೆಕ್ಟಿವ್ ಮೀಟಿಂಗ್ ಇರುತ್ತೆ. ಏನು ಚೆನ್ನಾಗಿ ಆಯ್ತು, ಏನು ಆಗಲಿಲ್ಲ, ಮುಂದೆ ಏನು ಬದಲಿಸಬೇಕು ಅಂತ ಎಲ್ಲರೂ ಬಣ್ಣದ ಚೀಟಿ ಅಂಟಿಸ್ತೀವಿ. ನೀವೂ ಅಂಟಿಸಿರ್ತೀರಿ. "ಕಮ್ಯುನಿಕೇಶನ್ ಇಂಪ್ರೂವ್ ಆಗಬೇಕು" ಅನ್ನೋ ಚೀಟಿ ಪ್ರತಿ ಸಲ ಇರುತ್ತೆ. ಅದರ ಪಕ್ಕ ಪೆನ್ಸಿಲಿನಲ್ಲಿ "ಅಂದ್ರೆ ಹೇಗೆ?" ಅಂತ ಕೇಳೋರು ಯಾರೂ ಇರಲ್ಲ. ಟ್ರಂಕಿನ ಮುಂದೆ ಕೂತು ನೋಟ್‌ಬುಕ್ ತಿರುವಿ ಹಾಕುವಾಗ ಈ ಪ್ರಶ್ನೆಗೂ ಒಂದು ಚರಿತ್ರೆ ಇರಬೇಕಲ್ಲ ಅನ್ನಿಸಿತು. ಮಾಡಿದ ಕೆಲಸವನ್ನು ತಿರುಗಿ ನೋಡಿ ಬರೆಯೋದು, ಅದರಲ್ಲೂ ನಾಟಕ ಆಡುವ ಹುಡುಗರು ಬರೆಯೋದು, ಎಲ್ಲಿಂದ ಬಂತು? ನಮ್ಮ ಕಡೆ ಯಾಕೆ ಇಷ್ಟು ತಡವಾಗಿ ಬಂತು?

ಮ್ಯಾನೇಜ್‌ಮೆಂಟ್ ಪುಸ್ತಕಗಳನ್ನು ಕೇಳಿದರೆ ಉತ್ತರ ಸುಲಭ. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1910ರಲ್ಲಿ 'ಹೌ ವಿ ಥಿಂಕ್' ಬರೆದ. ಬರೀ ಅನುಭವ ಸಾಲದು, ಅದನ್ನು ಪ್ರಶ್ನೆ ಮಾಡಿ ನೋಡಿದಾಗಲೇ ಕಲಿಕೆ ಅನ್ನೋದು ಅವನ ವಾದ. 1983ರಲ್ಲಿ ಡೊನಾಲ್ಡ್ ಶಾನ್ 'ದಿ ರಿಫ್ಲೆಕ್ಟಿವ್ ಪ್ರಾಕ್ಟಿಷನರ್' ಬರೆದು, ವಾಸ್ತುಶಿಲ್ಪಿಗಳು, ಎಂಜಿನಿಯರುಗಳು, ಮನೋವೈದ್ಯರು ಕೆಲಸ ಮಾಡುತ್ತಲೇ ಹೇಗೆ ಯೋಚಿಸ್ತಾರೆ, ಮುಗಿದ ಮೇಲೆ ಹೇಗೆ ಯೋಚಿಸ್ತಾರೆ ಅಂತ ಎರಡನ್ನೂ ಬೇರೆ ಮಾಡಿ ತೋರಿಸಿದ. ಅಲ್ಲಿಂದ ಈ ಮಾತು ನರ್ಸಿಂಗ್ ಕಾಲೇಜು, ಬಿ.ಎಡ್. ಕಾಲೇಜು, ಕೊನೆಗೆ ನಮ್ಮ ಸ್ಟಿಕಿ ನೋಟ್‌ವರೆಗೂ ಬಂತು.

ಆದರೆ ನಾಟಕದವರು ಇವರಿಬ್ಬರಿಗಿಂತ ಮೊದಲೇ ಶುರು ಮಾಡಿದ್ದರು. ಶುರು ಮಾಡಿದವನು ಹೆಚ್ಚುಕಡಿಮೆ ನಮ್ಮ ಒಂಬತ್ತನೇ ಕ್ಲಾಸಿನ ವಯಸ್ಸಿನವನು.

1877. ಮಾಸ್ಕೋ ಹತ್ತಿರದ ಲ್ಯುಬಿಮೋವ್ಕಾ ಎಂಬ ಎಸ್ಟೇಟು. ಅಲೆಕ್ಸೇಯೆವ್ ಅನ್ನೋ ಶ್ರೀಮಂತ ಕುಟುಂಬದ್ದು. ಬಂಗಾರ, ಬೆಳ್ಳಿಯ ಜರಿ ನೂಲು ತಯಾರಿಸುವ ಕಾರ್ಖಾನೆ ಅವರದ್ದು. ಮಕ್ಕಳ ನಾಟಕದ ಹುಚ್ಚಿಗಾಗಿ ಅಪ್ಪ ಎಸ್ಟೇಟಿನಲ್ಲೇ ಒಂದು ರಂಗಮಂದಿರ ಸಿದ್ಧಮಾಡಿಸಿದ. ಅಲ್ಲಿ ವೇಷ ಕಟ್ಟಿದ ಹದಿನಾಲ್ಕು ವರ್ಷದ ಹುಡುಗ ಕಾನ್‌ಸ್ಟಾಂಟಿನ್, ಆಟ ಮುಗಿದ ಮೇಲೆ ತಾನು ಹೇಗೆ ಮಾಡಿದೆ, ಎಲ್ಲಿ ಎಡವಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯೋಕೆ ಶುರು ಮಾಡಿದ. ಆ ಅಭ್ಯಾಸವನ್ನು ಅವನು ಬಿಡಲೇ ಇಲ್ಲ. ಮುಂದೆ ಅವನೇ ಸ್ಟಾನಿಸ್ಲಾವ್‌ಸ್ಕಿ ಆದ. ಜಗತ್ತಿನ ಎಷ್ಟೋ ನಟನಾ ಶಾಲೆಗಳು ಇವತ್ತಿಗೂ ನೆಚ್ಚಿಕೊಂಡಿರುವ ಪದ್ಧತಿಯ ಬೀಜ ಒಬ್ಬ ಹುಡುಗನ ನೋಟ್‌ಬುಕ್ಕಿನಲ್ಲಿತ್ತು.

ಮುಪ್ಪಿನಲ್ಲಿ ನಟನೆಯ ಪಾಠ ಬರೆಯಲು ಕೂತಾಗಲೂ ಸ್ಟಾನಿಸ್ಲಾವ್‌ಸ್ಕಿ ದಿನಚರಿಯ ರೂಪವನ್ನೇ ಹಿಡಿದ. 1936ರಲ್ಲಿ ಇಂಗ್ಲಿಷಿನಲ್ಲಿ ಬಂದ 'ಆ್ಯನ್ ಆಕ್ಟರ್ ಪ್ರಿಪೇರ್ಸ್' ಪುಸ್ತಕದಲ್ಲಿ ಪಾಠ ಹೇಳುವ ಗುರು ಟೋರ್ಟ್‌ಸೋವ್. ಆದರೆ ಪುಸ್ತಕ ಅವನದಲ್ಲ, ಕೋಸ್ತ್ಯಾ ಎಂಬ ವಿದ್ಯಾರ್ಥಿಯ ಡೈರಿ. ಕೋಸ್ತ್ಯಾ ಅನ್ನೋದು ಕಾನ್‌ಸ್ಟಾಂಟಿನ್ ಹೆಸರಿನ ಮುದ್ದು ರೂಪ. ಅಂದ್ರೆ ಎಪ್ಪತ್ತು ದಾಟಿದ ಮುದುಕ ತನ್ನನ್ನೇ ಎರಡು ಮಾಡಿಕೊಂಡಿದ್ದಾನೆ. ಗುರುವೂ ಅವನೇ, ತಪ್ಪು ಮಾಡುವ ಹುಡುಗನೂ ಅವನೇ. ಬರೆಯುವ ಕೆಲಸ ಮಾತ್ರ ತಪ್ಪು ಮಾಡುವವನಿಗೆ ಕೊಟ್ಟಿದ್ದಾನೆ.

ಆ ಡೈರಿಯ ಮೊದಲ ಪುಟಗಳು ನನಗೆ ಬಹಳ ಇಷ್ಟ. ಕೋಸ್ತ್ಯಾಗೆ ಒಥೆಲೋ ಪಾತ್ರ ಸಿಕ್ಕಿದೆ. ಮನೆಯಲ್ಲಿ ಕನ್ನಡಿ ಮುಂದೆ ಮುಖಕ್ಕೆ ಬೆಣ್ಣೆ, ಚಾಕೊಲೇಟ್ ಬಳಿದುಕೊಂಡು ರಾತ್ರಿಯೆಲ್ಲ ಅಬ್ಬರಿಸ್ತಾನೆ. ಮಾರನೆ ದಿನ ಎಚ್ಚರವಾಗದೆ ತಾಲೀಮಿಗೆ ತಡವಾಗಿ ಹೋಗ್ತಾನೆ. ಎಲ್ಲರೂ ಅವನಿಗಾಗಿ ಕಾದು ಕೂತಿದ್ದಾರೆ. ಸಹಾಯಕ ನಿರ್ದೇಶಕ ಬೈದು ಅವತ್ತಿನ ತಾಲೀಮನ್ನೇ ರದ್ದು ಮಾಡ್ತಾನೆ. ಕೋಸ್ತ್ಯಾ ಆ ಅವಮಾನವನ್ನೂ ಬರೀತಾನೆ. ತಾಲೀಮಿಗೆ ತಡವಾಗಿ ಬಂದ ಈ ಹುಡುಗನನ್ನು ನೆನಪಿಟ್ಟುಕೊಳ್ಳಿ, ಇನ್ನೊಬ್ಬನ ಕಥೆ ಹೇಳೋದಿದೆ.

ಇನ್ನು ಕನ್ನಡಕ್ಕೆ ಬರೋಣ. ನಮ್ಮಲ್ಲಿ ನಾಟಕಕ್ಕೇನು ಕಮ್ಮಿ? ಕಂಪನಿ ನಾಟಕ, ದೊಡ್ಡಾಟ, ಸಣ್ಣಾಟ, ಯಕ್ಷಗಾನ. ಆದರೆ ನಟರು ಅವತ್ತವತ್ತೇ ಬರೆದಿಟ್ಟ ನೋಟ್‌ಬುಕ್ ಯಾವುದಿದೆ ಅಂತ ಹುಡುಕಿದರೆ ಕೈಗೆ ಸಿಗೋದು ಬೇರೆಯೇ ಒಂದು ಬಗೆಯ ಪುಸ್ತಕ. ಗುಬ್ಬಿ ವೀರಣ್ಣನವರ 'ಕಲೆಯೇ ಕಾಯಕ' ಇದೆ. ನೂರು ವರ್ಷ ದಾಟಿ ಬದುಕಿದ ಏಣಗಿ ಬಾಳಪ್ಪನವರ ನೆನಪುಗಳಿವೆ. ಬಿ. ವಿ. ಕಾರಂತರ ಆತ್ಮಕಥೆ 'ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ' ಇದೆ. ಕಾರಂತರು ಅದನ್ನು ಕೂತು ಬರೆಯಲಿಲ್ಲ. ಅವರು ಹೇಳ್ತಾ ಹೋದರು, ವೈದೇಹಿಯವರು ಬರೆದುಕೊಂಡರು.

ಹೇಳೋದು ನಮ್ಮ ರಂಗಭೂಮಿಯ ಸ್ವಭಾವ. ಒಂದೂರಿನಲ್ಲಿ ಕ್ಯಾಂಪು ಮುಗಿಸಿ ಲಾರಿಗೆ ಪರದೆ ಏರಿಸಿ ಇನ್ನೊಂದೂರಿಗೆ ಹೋಗುವ ಕಂಪನಿಯಲ್ಲಿ, ರಾತ್ರಿ ಎರಡಕ್ಕೆ ಬಣ್ಣ ಒರೆಸಿ ಮಲಗುವ ನಟ ಯಾವಾಗ ಬರೀಬೇಕು? ಅವನ ವಿಮರ್ಶೆ ಬಾಯಲ್ಲೇ ಆಗ್ತಿತ್ತು. ಊಟಕ್ಕೆ ಕೂತಾಗ ಹಿರಿಯ ನಟ ಬೈದದ್ದೇ ಪಾಠ, ಹಾರ್ಮೋನಿಯಂ ಮಾಸ್ತರು ಹುಬ್ಬು ಗಂಟಿಕ್ಕಿದ್ದೇ ಮಾರ್ಕು.

ಮುಪ್ಪಿನಲ್ಲಿ ಹೇಳಿದ ನೆನಪಿಗೂ ಹರೆಯದಲ್ಲಿ ಅವತ್ತೇ ಬರೆದ ನೋಟಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕಾರಂತರು ಮೂರನೇ ಕ್ಲಾಸಿನಲ್ಲಿದ್ದಾಗ ಕುವೆಂಪು ಅವರ 'ನನ್ನ ಗೋಪಾಲ' ನಾಟಕದಲ್ಲಿ ಪಾತ್ರ ಮಾಡಿದರು. ಆಮೇಲೆ ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದರು, ಕಾಶಿಗೆ ಹೋಗಿ ಓದಿದರು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕರಾದರು. ಇದೆಲ್ಲ ಆದ ಮೇಲೆ ಆ ಮೂರನೇ ಕ್ಲಾಸಿನ ನಾಟಕ ಒಂದು ಶಕುನದ ಹಾಗೆ ಕಾಣುತ್ತೆ. ಆದರೆ ಅವತ್ತು ರಾತ್ರಿ, ನಾಳೆ ಏನಾಗುತ್ತೆ ಅಂತ ಗೊತ್ತಿಲ್ಲದ ಮಂಚಿ ಊರಿನ ಆ ಹುಡುಗ ಬರೆದಿದ್ದರೆ ಏನು ಬರೀತಿದ್ದ? ಬಹುಶಃ ಪೇಟ ಜಾರಿದ್ದು, ಮಾತು ಮರೆತದ್ದು, ಯಾರೋ ನಕ್ಕಿದ್ದು. ನೆನಪಿಗೆ ಕಥೆಯ ಕೊನೆ ಗೊತ್ತಿರುತ್ತೆ. ನೋಟ್‌ಬುಕ್ಕಿಗೆ ಗೊತ್ತಿರಲ್ಲ. ಅದಕ್ಕೇ ಚರಿತ್ರೆ ಬರೆಯೋರಿಗೆ ಹಳೆ ದಿನಚರಿ ಅಂದ್ರೆ ಜೀವ.

ಕುವೆಂಪು ಅವರನ್ನೇ ನೋಡಿ. ಮೈಸೂರಿನಲ್ಲಿ ಓದುತ್ತಿದ್ದ ಕಾಲದಿಂದ ದಿನಚರಿ ಇಟ್ಟಿದ್ದವರು. 1980ರಲ್ಲಿ 'ನೆನಪಿನ ದೋಣಿಯಲ್ಲಿ' ಬಂದಾಗ ಅದರ ತುಂಬಾ ಆ ಹಳೆ ದಿನಚರಿಯ ಟಿಪ್ಪಣಿಗಳು. ಅಜ್ಜನ ಪಕ್ಕದಲ್ಲಿ ಇಪ್ಪತ್ತರ ಹುಡುಗ ಕೂತಿರ್ತಾನೆ. ಅಜ್ಜ ತಾರೀಖು ಮರೆತರೆ ಹುಡುಗ ನೆನಪಿಸ್ತಾನೆ. ಇಂಥ ಹುಡುಗ ಪಕ್ಕದಲ್ಲಿ ಇರೋ ಅದೃಷ್ಟ ನಮ್ಮ ನಟರಿಗೆ ಸಿಗಲಿಲ್ಲ.

ಇನ್ನು ನಮ್ಮ ಜಿಲ್ಲೆಯ ಮಾತು.

ತನ್ನನ್ನು ತಾನು ಕೇಳಿಕೊಳ್ಳೋದು ರಾಯಚೂರು ಸೀಮೆಗೆ ಹೊರಗಿನಿಂದ ಬಂದ ವಿದ್ಯೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು, ಜಗನ್ನಾಥದಾಸರು ಅದೇ ತಾಲ್ಲೂಕಿನ ಬ್ಯಾಗವಾಟದವರು, ಗೋಪಾಲದಾಸರು ನಮ್ಮ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಹದಿನೆಂಟನೇ ಶತಮಾನದ ಈ ದಾಸರ ಪದಗಳಲ್ಲಿ ದೇವರ ಸ್ತುತಿ ಎಷ್ಟಿದೆಯೋ ತನ್ನ ಮನಸ್ಸನ್ನು ತಾನೇ ನಿಲ್ಲಿಸಿ ವಿಚಾರಿಸಿಕೊಳ್ಳೋದೂ ಇದೆ. ಅದಕ್ಕೂ ಆರು ಶತಮಾನ ಮೊದಲು ಶರಣರು ಇದೇ ಕೆಲಸ ಮಾಡಿದ್ದರು. ಆತ್ಮವಿಮರ್ಶೆ ನಮ್ಮಲ್ಲಿತ್ತು. ಅದು ಹಾಡಾಗಿತ್ತು, ಬಾಯಿಂದ ಬಾಯಿಗೆ ಹೋಗ್ತಿತ್ತು. ಕಾಗದಕ್ಕೆ ಇಳಿಸಲು ಬೇಕಾದ ಶಾಲೆ, ಭಾಷೆ, ಬಿಡುವು ಇವು ಎಲ್ಲರಿಗೂ ಇರಲಿಲ್ಲ.

ಭಾಷೆಯ ಕಥೆ ಸ್ವಲ್ಪ ವಿಚಿತ್ರ. 1948ರ ಸೆಪ್ಟೆಂಬರ್ 17ರವರೆಗೆ ನಾವು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದವರು. ಕಚೇರಿಯ ಭಾಷೆ ಉರ್ದು, ದೊಡ್ಡ ಶಾಲೆಯ ಭಾಷೆಯೂ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸ್ತಿದ್ದರು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಅನ್ನೋದು ದೊಡ್ಡ ಸಾಧನೆಯೇ. ಆದರೆ ಕನ್ನಡ, ತೆಲುಗು, ಮರಾಠಿ ಮಾತಾಡುವ ಮನೆಯ ಮಗುವಿಗೆ ಅದೂ ಇನ್ನೊಂದು ಪರಭಾಷೆ. ನಮ್ಮ ತಾತ ಜಮೀನಿನ ಕಾಗದ ಉರ್ದುವಿನಲ್ಲಿ ಓದ್ತಿದ್ದ, ಜಾತ್ರೆಯಲ್ಲಿ ಪಾರ್ಟು ಕನ್ನಡದಲ್ಲಿ ಮಾಡ್ತಿದ್ದ. ಅವನಿಗೆ ಬರೆಯೋಕೆ ಬರ್ತಿದ್ದ ಭಾಷೆಯಲ್ಲಿ ನಾಟಕ ಇರಲಿಲ್ಲ, ನಾಟಕ ಇದ್ದ ಭಾಷೆಯಲ್ಲಿ ಬರೆಯೋಕೆ ಸರಿಯಾಗಿ ಬರ್ತಿರಲಿಲ್ಲ. ಭೀಮನ ಪಾತ್ರ ಮಾಡಿದ್ದೆ ಅಂತ ಹೇಳ್ತಿದ್ದ, ಎರಡು ಮಾತು ಹೇಳಿಯೂ ತೋರಿಸ್ತಿದ್ದ. ಅವನು ಹೋದ ಮೇಲೆ ಆ ಭೀಮನೂ ಹೋದ.

ಈ ಬರದ ನಡುವೆ ರಾಯಚೂರಿನಲ್ಲಿ ಒಬ್ಬ ಅಪರೂಪದ ಮನುಷ್ಯ ಬಂದು ಶಾಲೆ ತೆರೆದ. ಪಂಡಿತ ತಾರಾನಾಥ, 1891ರಲ್ಲಿ ಹುಟ್ಟಿದವರು. ಸರೋದ್ ವಾದಕ ರಾಜೀವ ತಾರಾನಾಥರ ತಂದೆ ಅಂದ್ರೆ ನಿಮಗೆ ಬೇಗ ಗುರುತು ಸಿಗಬಹುದು. ವೈದ್ಯ, ಸಂಗೀತಗಾರ, ಲೇಖಕ, ಸುಧಾರಕ, ಎಲ್ಲವೂ ಒಬ್ಬರೇ. ರಾಯಚೂರಿನಲ್ಲಿ ಅವರು ಕಟ್ಟಿದ ಶಾಲೆಯ ಹೆಸರು ಹಮ್‌ದರ್ದ್. ಬೇಕೆಂದೇ ಉರ್ದು ಹೆಸರು. ಹಿಂದೂ, ಮುಸ್ಲಿಂ ಅನ್ನದೆ ಎಲ್ಲರ ಮಕ್ಕಳೂ ಬರಲಿ ಅಂತ. ಮುಂದೆ ತುಂಗಭದ್ರೆಯ ದಂಡೆಯ ಮೇಲೆ ಪ್ರೇಮಾಯತನ ಎಂಬ ಆಶ್ರಮ ಕಟ್ಟಿದರು, 'ಪ್ರೇಮ' ಅನ್ನೋ ಪತ್ರಿಕೆ ನಡೆಸಿದರು. 1942ರಲ್ಲಿ ತೀರಿಕೊಂಡರು.

ನಮ್ಮ ಕಥೆಗೆ ಬೇಕಾದ್ದು ಏನಂದ್ರೆ ತಾರಾನಾಥರು ನಾಟಕದವರೂ ಹೌದು. ಕಬೀರನ ಮೇಲೆ 'ದೀನಬಂಧು ಕಬೀರ' ಅನ್ನೋ ನಾಟಕ ಬರೆದರು. ನಟ ಬಳ್ಳಾರಿ ರಾಘವ ಅವರ ಆಪ್ತರು. ಎರಡೂ ಧರ್ಮದವರು ನಮ್ಮವನು ಅಂತ ಜಗಳ ಆಡಿದ ಕಬೀರನನ್ನೇ ಅವರು ಆರಿಸಿಕೊಂಡದ್ದು ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹಮ್‌ದರ್ದ್ ಅನ್ನೋ ಪದವನ್ನೇ ಒಮ್ಮೆ ನೋಡಿ. ಹಮ್ ಅಂದ್ರೆ ಜೊತೆ, ದರ್ದ್ ಅಂದ್ರೆ ನೋವು. ಇನ್ನೊಬ್ಬರ ನೋವಿಗೆ ಜೊತೆಯಾಗುವವನು. ಶಾಲೆಗೂ ಸರಿಯಾದ ಹೆಸರು, ನಾಟಕಕ್ಕೂ ಸರಿಯಾದ ಹೆಸರು. ಪಾತ್ರ ಮಾಡೋದು ಅಂದ್ರೆ ಬೇರೆ ಏನು? ಸ್ಟಾನಿಸ್ಲಾವ್‌ಸ್ಕಿ ತನ್ನ ನಟರಿಗೆ ಕೇಳಿಸ್ತಿದ್ದ ಪ್ರಶ್ನೆ ಕೂಡ ಇದರ ಹತ್ತಿರದ್ದೇ: ಈ ಮನುಷ್ಯನ ಜಾಗದಲ್ಲಿ ನಾನೇ ಇದ್ದಿದ್ದರೆ?

ಆಮೇಲಿನ ಚರಿತ್ರೆ ನಿಮಗೆ ಪಾಠದಲ್ಲಿ ಬಂದಿರುತ್ತೆ. 1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯ ಸೇರಿತು. ಕನ್ನಡ ಶಾಲೆಗಳು ಬಂದವು. ಆದರೂ ಹಿಂದುಳಿಕೆ ಬಿಡಲಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75 ದಾಟಿದ್ದಾಗ ರಾಯಚೂರು ಜಿಲ್ಲೆ ಇನ್ನೂ 60ರ ಕೆಳಗೇ ಇತ್ತು. ಸಂವಿಧಾನಕ್ಕೆ ತಿದ್ದುಪಡಿ ಮಾಡಿ 371(ಜೆ) ಸೇರಿಸಬೇಕಾಗಿ ಬಂದದ್ದು ಇದಕ್ಕೇ. ಅತ್ತ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರದ ಜೊತೆ ರಂಗಭೂಮಿಯನ್ನೂ ಶಾಲೆಯ ಪಾಠವಾಗಿ ನೋಡಬೇಕು ಅಂತ ಹೇಳಿತು. ರಾಜ್ಯ ಸರ್ಕಾರ ಕೆಲವು ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿತು. ಕೆಲವು ಮಾತ್ರ. ನಮ್ಮಂಥ ಊರುಗಳಲ್ಲಿ ಶಾಲೆಯ ನಾಟಕ ಅಂದ್ರೆ ಈಗಲೂ ಗ್ಯಾದರಿಂಗು, ಇಲ್ಲ ಪ್ರತಿಭಾ ಕಾರಂಜಿ. ಒಬ್ಬ ಉತ್ಸಾಹಿ ಮೇಷ್ಟ್ರು ಇದ್ದರೆ ನಾಟಕ ಇರುತ್ತೆ, ಅವರಿಗೆ ವರ್ಗ ಆದರೆ ನಾಟಕಕ್ಕೂ ವರ್ಗ.

ಹಾಗೆ 1877ರ ಲ್ಯುಬಿಮೋವ್ಕಾದಿಂದ ಹೊರಟ ನೋಟ್‌ಬುಕ್ 2010ರಲ್ಲಿ ದೇವದುರ್ಗದ ಒಂದು ಸರ್ಕಾರಿ ಪ್ರೌಢಶಾಲೆಗೆ ಬಂತು. ನಮ್ಮ ಸರ್ ಸ್ಟಾನಿಸ್ಲಾವ್‌ಸ್ಕಿಯನ್ನು ಓದಿದ್ದರೋ ಇಲ್ಲವೋ ನಾನು ಕೇಳಲಿಲ್ಲ. ಇತಿಹಾಸದ ಪಾಠ ಮಾಡುವಾಗ "ಯಾರು ಹೇಳಿದ್ದು? ಯಾವಾಗ ಹೇಳಿದ್ದು? ಅವನಿಗೆ ಅದರಿಂದ ಏನು ಲಾಭ?" ಅಂತ ಕೇಳೋದು ಅವರ ಅಭ್ಯಾಸ. ಅದನ್ನೇ ನಮ್ಮ ದಿನಚರಿಗೂ ಹಚ್ಚಿದರು. ನಾನು "ನನ್ನ ಅಭಿನಯ ಎಲ್ಲರಿಗೂ ಇಷ್ಟವಾಯಿತು" ಅಂತ ಬರೆದರೆ ಪಕ್ಕದಲ್ಲಿ "ಯಾರು ಹೇಳಿದರು?" ಅಂತ ಪೆನ್ಸಿಲು. "ಭಾವನೆ ತುಂಬಿ ಮಾಡಿದೆ" ಅಂದ್ರೆ "ಕೈ ಎಲ್ಲಿತ್ತು?" ಅಂತ ಪೆನ್ಸಿಲು. ಕೆಂಪು ಇಂಕಿಲ್ಲ, ಮಾರ್ಕ್ಸಿಲ್ಲ, ಸಹಿಯೂ ಇಲ್ಲ. ನಿಧಾನಕ್ಕೆ ನನ್ನ ಸಾಲುಗಳು ಬದಲಾಗಿವೆ. ಹನ್ನೆರಡನೇ ಪುಟದ ಹೊತ್ತಿಗೆ ನಾನು ಹೀಗೆ ಬರೆದಿದ್ದೇನೆ: "ಪಂಡಿತನ ಮಾತು ಹೇಳುವಾಗ ನನಗೆ ನಮ್ಮ ದೊಡ್ಡಪ್ಪ ನೆನಪಾದ. ಅವನು ಮಾತಾಡುವಾಗ ಎದುರಿನವರ ಮುಖ ನೋಡುವುದಿಲ್ಲ. ನಾನೂ ನೋಡದೆ ಹೇಳಿದೆ. ಹುಡುಗರು ನಕ್ಕರು." ಓದಿ ನನಗೇ ಆಶ್ಚರ್ಯ ಆಯಿತು. ಇವತ್ತು ಆಫೀಸಿನಲ್ಲಿ ನಾನು ಬರೆಯುವ ಯಾವ ಚೀಟಿಯೂ ಇಷ್ಟು ಸ್ಪಷ್ಟವಾಗಿಲ್ಲ.

ಹತ್ತೊಂಬತ್ತನೇ ಪುಟದ ಹೊತ್ತಿಗೆ ಆಶ್ಚರ್ಯ ಹೋಯಿತು.

ಗಿಳಿಯ ಪಾತ್ರ ಮಾಡ್ತಿದ್ದವನು ನನ್ನ ಬೆಂಚಿನವನೇ. ಹೆಸರು ಬೇಡ. ನಮ್ಮೆಲ್ಲರಿಗಿಂತ ಚೆನ್ನಾಗಿ ಮಾಡ್ತಿದ್ದ. ಚೆನ್ನಾಗಿ ಅಂದ್ರೆ, ಹೆಗಲು ಒಳಗೆಳೆದುಕೊಂಡು ಕೂತರೆ ಸುತ್ತ ಪಂಜರ ಇದೆ ಅಂತ ನಮಗೆ ಕಾಣಿಸ್ತಿತ್ತು. ನಮ್ಮ ಕಡೆ ನವೆಂಬರ್, ಡಿಸೆಂಬರ್ ಅಂದ್ರೆ ಹತ್ತಿ ಬಿಡಿಸೋ ಕಾಲ. ಶಾಲೆಯ ಹಾಜರಿ ಪುಸ್ತಕ ಅರ್ಧ ಖಾಲಿ ಆಗುತ್ತೆ. ಅವನೂ ಅವ್ವನ ಜೊತೆ ಹೊಲಕ್ಕೆ ಹೋಗಬೇಕಾಯಿತು. ಹೋಗುವ ಹಿಂದಿನ ಸಂಜೆ ಬಸ್‌ಸ್ಟ್ಯಾಂಡಿನ ಹತ್ರ ಸಿಕ್ಕು, "ಸರ್‌ಗೆ ಹೇಳು, ಗುರುವಾರ ಬರ್ತೀನಿ. ಅಷ್ಟರಾಗ ಮುಗೀತದ" ಅಂದ. ನಾನು ಹ್ಞೂಂ ಅಂದೆ.

ಹೇಳಲಿಲ್ಲ.

ಸೋಮವಾರ, ಮಂಗಳವಾರ ಎರಡು ದಿನ ಗಿಳಿ ಇಲ್ಲದೆ ತಾಲೀಮು ನಡೆಯಿತು. ಕಾರ್ಯಕ್ರಮಕ್ಕೆ ಎಂಟೇ ದಿನ ಉಳಿದಿತ್ತು. ಬುಧವಾರ ಸರ್ "ಯಾರಾದರೂ ಮಾಡ್ತೀರಾ?" ಅಂತ ಕೇಳಿದರು. ನಾನು ಕೈ ಎತ್ತಿದೆ. ಗುರುವಾರ ಅವನು ಬಂದ. ಬಾಗಿಲ ಹತ್ರ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಹೋದ. ಒಂದು ತಿಂಗಳು ಶಾಲೆಗೂ ಬರಲಿಲ್ಲ. ಹತ್ತನೇ ಕ್ಲಾಸಿಗೆ ಅವನ ಹೆಸರು ಇತ್ತು, ಅವನಿರಲಿಲ್ಲ.

ನನ್ನ ನೋಟ್‌ಬುಕ್ಕಿನ ಹತ್ತೊಂಬತ್ತನೇ ಪುಟದಲ್ಲಿ ಈ ಯಾವುದೂ ಇಲ್ಲ. ಇರೋದು ಇಷ್ಟು: "ಗಿಳಿಯ ಪಾತ್ರದವನು ಬರಲಿಲ್ಲ. ಆದ್ದರಿಂದ ಆ ಪಾತ್ರ ನನಗೆ ಸಿಕ್ಕಿತು." ಪಕ್ಕದಲ್ಲಿ ಪೆನ್ಸಿಲು: "ಯಾಕೆ ಬರಲಿಲ್ಲ? ಕೇಳಿದೆಯಾ?"

ಅದಕ್ಕೆ ಉತ್ತರ ಇಲ್ಲ. ಮುಂದಿನ ಪುಟದಲ್ಲಿ ರೆಕ್ಕೆಗೆ ಯಾವ ಬಣ್ಣದ ಬಟ್ಟೆ ಅನ್ನೋ ಚರ್ಚೆ.

ಕೋಸ್ತ್ಯಾ ತಾಲೀಮಿಗೆ ತಡವಾಗಿ ಹೋಗಿದ್ದು ಚಾಕೊಲೇಟ್ ಬಳಿದುಕೊಂಡು ರಾತ್ರಿ ನಿದ್ದೆಗೆಟ್ಟದ್ದಕ್ಕೆ. ಬೈಸಿಕೊಂಡ, ಬರೆದ, ಪಾಠ ಕಲಿತ. ಅವನ ಒಂದು ದಿನದ ತಡ ಜಗತ್ತಿನ ನಟನಾ ಸಾಹಿತ್ಯದ ಮೊದಲ ಪಾಠ ಆಯಿತು. ನನ್ನ ಗೆಳೆಯನ ನಾಲ್ಕು ದಿನದ ತಡ ಎಲ್ಲೂ ಬರೆದಿಲ್ಲ. ಅದರ ಬಗ್ಗೆ ಉಳಿದಿರುವ ಒಂದೇ ಲಿಖಿತ ದಾಖಲೆ ನನ್ನದು. ಅದೂ ಸುಳ್ಳು. ಅಕ್ಷರಶಃ ಸುಳ್ಳಲ್ಲ ನೋಡಿ. ಅವನು ಬರಲಿಲ್ಲ, ನಿಜ. ಪಾತ್ರ ನನಗೆ ಸಿಕ್ಕಿತು, ಅದೂ ನಿಜ. ನಡುವಿನ "ಆದ್ದರಿಂದ" ಮಾತ್ರ ಸುಳ್ಳು. ಚರಿತ್ರೆಯ ಪುಸ್ತಕಗಳಲ್ಲೂ ಅರ್ಧ ಮೋಸ ಈ "ಆದ್ದರಿಂದ"ದಲ್ಲೇ ಇರುತ್ತೇನೋ.

2023ರವರೆಗೆ ಬೆಂಗಳೂರಿನ ಐಬಿ ಶಾಲೆಗಳಲ್ಲಿ ರಂಗಭೂಮಿ ಓದುವ ಮಕ್ಕಳು 'ಡೈರೆಕ್ಟರ್ಸ್ ನೋಟ್‌ಬುಕ್' ಬರೆದು ಸಲ್ಲಿಸಬೇಕಿತ್ತು, ಅದಕ್ಕೆ ಅಂಕಗಳಿದ್ದವು. ಒಳ್ಳೆಯದೇ. ನಮ್ಮ ಕಡೆಯ ಶಾಲೆಗಳಿಗೂ ಇದು ಬರಲಿ ಅಂತ ಆಸೆ ಇದೆ. ಆದರೆ ಆತ್ಮವಿಮರ್ಶೆಗೆ ಮಾರ್ಕ್ಸ್ ಇಟ್ಟ ದಿನ ಮಕ್ಕಳು ಮಾರ್ಕ್ಸಿಗೆ ತಕ್ಕ ಆತ್ಮವಿಮರ್ಶೆ ಬರೀತಾರೆ. ಅಪ್ರೈಸಲ್ ಫಾರ್ಮಿನಲ್ಲಿ "ನಿಮ್ಮ ದೌರ್ಬಲ್ಯ?" ಅಂತ ಕೇಳಿದಾಗ "ನಾನು ತುಂಬಾ ಪರ್ಫೆಕ್ಷನಿಸ್ಟ್" ಅಂತ ಬರೆದು ನಾವೆಲ್ಲ ಅದನ್ನು ಚೆನ್ನಾಗಿ ಕಲಿತಿದ್ದೀವಿ. ನನ್ನ ನೋಟ್‌ಬುಕ್ಕಿಗೆ ಮಾರ್ಕ್ಸ್ ಇರಲಿಲ್ಲ. ಆದರೂ ನಾನು ಸುಳ್ಳು ಬರೆದೆ. ಅಂದ ಮೇಲೆ ಮಾರ್ಕ್ಸ್ ಒಂದೇ ಕಾರಣ ಅಲ್ಲ. ಬರೆಯೋದರಿಂದ ಮಾತ್ರ ಯಾರೂ ಪ್ರಾಮಾಣಿಕರಾಗಲ್ಲ. ಆದರೆ ಬರೆದಿದ್ದಕ್ಕೆ ಆ ಸುಳ್ಳು ಇಷ್ಟು ವರ್ಷ ಉಳಿದು ನನ್ನ ಕೈಗೆ ಮತ್ತೆ ಸಿಕ್ಕಿತು. ಬರೆಯದೆ ಇದ್ದಿದ್ದರೆ ಈ ಹೊತ್ತಿಗೆ ನಾನು "ಪಾಪ, ಅವನು ಶಾಲೆ ಬಿಟ್ಟ, ಅದಕ್ಕೇ ಕೊನೇ ಗಳಿಗೆಯಲ್ಲಿ ನಾನು ಮಾಡಬೇಕಾಯ್ತು" ಅಂತ ಗೆಳೆಯರ ಮುಂದೆ ಹೇಳಿಕೊಂಡು ತಿರುಗ್ತಿದ್ದೆ. ನಿಜ ಹೇಳಬೇಕಂದ್ರೆ, ಒಂದೆರಡು ಸಲ ಹಾಗೇ ಹೇಳಿದ್ದೂ ಇದೆ.

ದೇವದುರ್ಗದವರನ್ನು ಹುಡುಕಬೇಕಂದ್ರೆ ಬೆಂಗಳೂರಿನಲ್ಲೇ ಹುಡುಕಬೇಕು. ಗುಳೆ ಹೋಗೋದು ಅಂತೀವಿ. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಬಸ್ಸು ಹತ್ತುತ್ತೆ. ನೀವು ಇಎಂಐ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಗೋಡೆಯಲ್ಲಿ ರಾಯಚೂರು, ಯಾದಗಿರಿಯವರ ಕೈ ಇರೋದು ಹೆಚ್ಚುಕಡಿಮೆ ಖಾತ್ರಿ. ಊರಿನಲ್ಲೇ ಅವನ ನಂಬರ್ ಸಿಕ್ಕಿತು. ಟೈಲ್ಸ್ ಹಾಕುವ ಕೆಲಸ, ನನ್ನ ಮನೆಯಿಂದ ಹನ್ನೆರಡು ಕಿಲೋಮೀಟರಿನಲ್ಲಿ ಇದ್ದಾನೆ. ಎರಡು ವಾರ ನಂಬರ್ ಇಟ್ಟುಕೊಂಡು ಕೂತೆ. ಒಂದು ಭಾನುವಾರ ಮಾಡಿದೆ.

ಬಹಳ ಹೊತ್ತು ಮಳೆ, ಬೆಳೆ, ಮಕ್ಕಳು ಅಂತ ಮಾತಾಡಿದೆವು. ಆಮೇಲೆ ಹೇಳಿದೆ. ಗುರುವಾರ ಬರ್ತೀನಿ ಅಂತ ನೀನು ಹೇಳಿದ್ದನ್ನ ನಾನು ಸರ್‌ಗೆ ಹೇಳಿರಲಿಲ್ಲ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಬರೀ ಟೈಲ್ ಕತ್ತರಿಸುವ ಮಷಿನ್ನಿನ ಸದ್ದು.

"ಗೊತ್ತಿತ್ತಲೇ," ಅಂದ. "ನಾ ಬಾಗಲದಾಗ ನಿಂತಾಗ ನೀ ನನ್ನ ಮಾರಿ ನೋಡ್ಲಿಲ್ಲ. ಅವಾಗೇ ಗೊತ್ತಾತು."

ಮುಖ ನೋಡದೆ ಮಾತಾಡುವ ದೊಡ್ಡಪ್ಪನ ಬಗ್ಗೆ ಅಷ್ಟು ಚಂದ ಬರೆದವನು ನಾನು.

"ನಾಟಕ ಇರಲಿಲ್ಲಂದ್ರೂ ಸಾಲಿ ಬಿಡಾದು ಬಿಡ್ತಿದ್ದೆ, ತಲಿ ಕೆಡಿಸ್ಕೋಬ್ಯಾಡ" ಅಂತಲೂ ಅಂದ. ಅದು ನಿಜವೋ ನನ್ನ ಸಮಾಧಾನಕ್ಕೆ ಹೇಳಿದ್ದೋ ಗೊತ್ತಿಲ್ಲ. ನಿಜವೇ ಇದ್ದರೂ ಅವನ ಆ ಒಂದು ವಾರ ವಾಪಸ್ ಬರಲ್ಲ.

ಅವನ ನೋಟ್‌ಬುಕ್ ಏನಾಯ್ತು ಅಂತ ಕೇಳಿದೆ. ಎರಡು ಹಾಳೆ ಬರೆದಿದ್ದನಂತೆ. ಉಳಿದದ್ದರಲ್ಲಿ ಅವನ ತಂಗಿ ಲೆಕ್ಕ ಮಾಡಿದಳಂತೆ. ಆ ತಂಗಿ ಈಗ ಲಿಂಗಸುಗೂರಿನಲ್ಲಿ ನರ್ಸ್. "ಎರಡು ಹಾಳಿಯಾಗ ಏನ್ ಬರ್ದಿದ್ದಿ?" ಅಂದೆ. "ನೆನಪಿಲ್ಲ. ಪಂಜರದಾಗ ಕುಂತಾಗ ಮಣಕಾಲು ಜೋಮು ಹಿಡೀತದ ಅಂತ ಬರ್ದಿದ್ದೆ ಕಾಣಸ್ತದ. ಸರ್ ಅದರ ಕೆಳಗ ಏನೂ ಕೇಳಿದ್ದಿಲ್ಲ, ಬರೇ ಒಂದು ಗೆರಿ ಎಳದಿದ್ರು."

ಸರ್ ನಿವೃತ್ತರಾಗಿದ್ದಾರೆ. ಮುಂದಿನ ಸಲ ಊರಿಗೆ ಹೋದಾಗ ಭೇಟಿಯಾಗಬೇಕು, ಅವನನ್ನೂ ಕರೆದುಕೊಂಡು ಹೋಗಬೇಕು ಅಂತಿದೆ. ಅವನು "ನೋಡೂಣು" ಅಂದಿದ್ದಾನೆ.

ನೋಟ್‌ಬುಕ್ ಈಗ ನನ್ನ ಜೊತೆ ಬೆಂಗಳೂರಿನಲ್ಲಿದೆ. ಹತ್ತೊಂಬತ್ತನೇ ಪುಟದಲ್ಲಿ, ಪೆನ್ಸಿಲಿನ ಕೆಳಗೆ, ಇವತ್ತಿನ ತಾರೀಖು ಹಾಕಿ ಬರೆದಿದ್ದೇನೆ. "ಕೇಳಲಿಲ್ಲ ಸರ್. ಕೇಳುವ ಅಗತ್ಯ ಇರಲಿಲ್ಲ. ಗುರುವಾರ ಬರ್ತೀನಿ ಅಂತ ಅವನು ನನಗೆ ಹೇಳಿದ್ದ."